ಚೆಸ್ಟ್ ನಂಬರ್ ಹದಿನೇಳು

ಆ ಭಾನುವಾರ ಬೆಳಿಗ್ಗೆ ನನ್ನ ಅತ್ತೆ ಅನ್ನಪೂರ್ಣಮ್ಮ ಕೋಣೆಗೆ ಬಂದು ಮಂಚದ ಮೇಲೆ ಗಿಳಿಹಸಿರು ಬಣ್ಣದ ಸೀರೆ ಇಟ್ಟರು.

"ಇದನ್ನುಟ್ಕೋ ಶೈಲಾ. ಕೂಸಿನ ಕಾಂಪಿಟೇಷನ್ನು. ನಾಲ್ಕು ಜನ ನೋಡ್ತಾರೆ."

ನನ್ನ ಗಂಡ ನಾಗಭೂಷಣ್ ತೀರಿಕೊಂಡು ಎರಡೂವರೆ ವರ್ಷವಾಗಿತ್ತು. ದಾವಣಗೆರೆಯ ಶಾಮನೂರಿನ ಆ ಮನೆಯಲ್ಲಿ ಅಷ್ಟು ದಿನ ಯಾರೂ ನನಗೆ ಬಣ್ಣದ ಸೀರೆ ಉಡಬೇಡ ಎಂದಿರಲಿಲ್ಲ. ಉಡು ಎಂದೂ ಹೇಳಿರಲಿಲ್ಲ. ಅತ್ತೆಯ ಹಿಂದೆಯೇ ಮೈದುನ ಬಕ್ಕೇಶನ ಹೆಂಡತಿ ರೂಪಶ್ರೀ ಬಂದು ನನ್ನ ಜಡೆಗೆ ಮಲ್ಲಿಗೆಯ ತುಂಡು ಸಿಕ್ಕಿಸಿದಳು.

"ಬ್ಯಾಡ ರೂಪಾ."

"ಸುಮ್ಕಿರಕ್ಕ. ಯಾವ ಕಾಲದಾಗ ಇದ್ದಿ ನೀನು?"

ಕಣ್ಣಲ್ಲಿ ನೀರು ಬರಬೇಕಿತ್ತು. ಬರಲಿಲ್ಲ. ನನಗೆ ಆ ದಿನಗಳಲ್ಲಿ ಯಾವುದೂ ಸರಿಯಾದ ಹೊತ್ತಿಗೆ ಬರುತ್ತಿರಲಿಲ್ಲ. ಆದರೂ ಇವರು ಒಳ್ಳೆಯವರು ಎಂದುಕೊಂಡೆ.

ಮೂರು ತಿಂಗಳ ಹಿಂದೆ ನನ್ನ ಮರುಮದುವೆಯ ಮಾತನ್ನು ತೆಗೆದವರೂ ಅತ್ತೆಯೇ. ಚಿತ್ರದುರ್ಗದ ಸಂಬಂಧ. ಹರೀಶ ಎಂದು ಹೆಸರು, ಪಾಲಿಟೆಕ್ನಿಕ್ಕಿನಲ್ಲಿ ಉಪನ್ಯಾಸಕ, ಹೆಂಡತಿ ತೀರಿಕೊಂಡಿದ್ದಾಳೆ. ಫೋನಿನಲ್ಲಿ ಫೋಟೋ ತೋರಿಸಿದರು. ನಾನು ಫೋಟೋ ನೋಡುವ ಮೊದಲೇ ಒಂದು ಮಾತು ಹೇಳಿದೆ. ಮಗಳು ನಯನಾ ನನ್ನ ಜೊತೆ ಬರುವುದಾದರೆ ಮಾತ್ರ ಈ ಮದುವೆ. ನಮ್ಮ ಕಡೆ ಹೆಂಗಸು ಎರಡನೆಯ ಮನೆಗೆ ಹೋದರೆ ಮೊದಲ ಮನೆಯ ಮಕ್ಕಳು ಮೊದಲ ಮನೆಯಲ್ಲೇ ಉಳಿಯುತ್ತಾರೆ. ಹಾಗೆ ಉಳಿದವರನ್ನು ನಾನು ನೋಡಿದ್ದೇನೆ. ನಯನಾಗೆ ಹತ್ತು ವರ್ಷ. ಅವಳನ್ನು ಬಿಟ್ಟು ಹೋಗುವುದಾದರೆ ನನಗೆ ಯಾವ ಮನೆಯೂ ಬೇಡ ಎಂದೆ.

ಅತ್ತೆ ಕೊರಳಿನ ಬೆಳ್ಳಿಯ ಕರಡಿಗೆಯನ್ನು ಹಿಡಿದುಕೊಂಡರು. ಅದರೊಳಗಿರುವುದು ಅವರು ದಿನವೂ ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗ.

"ಲಿಂಗ ಮುಟ್ಟಿ ಹೇಳ್ತೀನಿ. ಕೂಸು ನಿನ್ನ ಸಂಗ್ಡನೇ ಬರ್ತಾಳೆ. ಹುಡುಗನ ಕಡೇರಿಗೂ ಹೇಳೀನಿ. ಒಪ್ಯಾರೆ."

ಲಿಂಗ ಮುಟ್ಟಿ ಆಡಿದ ಮಾತನ್ನು ನಮ್ಮ ಮನೆಗಳಲ್ಲಿ ಎರಡನೆಯ ಸಲ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ಸ್ಪರ್ಧೆ ಇದ್ದದ್ದು ಹರಿಹರದ ಒಂದು ಶಾಲೆಯ ಮೈದಾನದಲ್ಲಿ. ಬ್ಯಾಟನ್ ಸ್ಪರ್ಧೆ. ಬ್ಯಾಟನ್ ಎಂದರೆ ಒಂದೂವರೆ ಮೊಳ ಉದ್ದದ, ಕಿರುಬೆರಳ ದಪ್ಪದ ಉಕ್ಕಿನ ಕೋಲು. ಎರಡು ತುದಿಗೂ ಬಿಳಿ ರಬ್ಬರಿನ ಗುಂಡು. ಹಿಂದೆ ಶಾಲೆಯ ಬ್ಯಾಂಡಿನ ಮುಂದೆ ನಡೆಯುವ ಒಬ್ಬ ಹುಡುಗ ಮಾತ್ರ ಇಂಥದ್ದನ್ನು ತಿರುಗಿಸುತ್ತಿದ್ದ. ನಯನಾಳ ಶಾಲೆಗೆ ತಿಪ್ಪೇಶ್ ಎಂಬ ದೈಹಿಕ ಶಿಕ್ಷಕರು ಬಂದ ಮೇಲೆ ಅದೇ ಒಂದು ಆಟವಾಯಿತು. ಅವರು ಪುಣೆಯಲ್ಲಿ ಕಲಿತು ಬಂದಿದ್ದರಂತೆ. ಬೆರಳುಗಳ ನಡುವೆ, ಮಣಿಕಟ್ಟಿನ ಸುತ್ತ, ಬೆನ್ನ ಹಿಂದೆ ಕೋಲು ಹರಿದಾಡಬೇಕು. ಮೇಲೆ ಎಸೆದು, ಅದು ಗಾಳಿಯಲ್ಲಿರುವಾಗ ತಾನು ಒಂದು ಸುತ್ತು ತಿರುಗಿ, ಹಿಡಿಯಬೇಕು. ಬಿದ್ದರೆ ಒಂದು ಸಲಕ್ಕೆ ಅರ್ಧ ಅಂಕ ಹೋಯಿತು.

ನಾನು ಹರಿಹರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಸಂಜೆಯ ಬಸ್ಸಿನಲ್ಲಿ ಮನೆ ಮುಟ್ಟುವ ಹೊತ್ತಿಗೆ ನಯನಾಳ ಅಭ್ಯಾಸ ಮುಗಿದಿರುತ್ತಿತ್ತು. ಅವಳನ್ನು ಸ್ಕೂಟಿಯಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದವಳು ರೂಪಶ್ರೀ. ನನ್ನ ಪಾಲಿಗೆ ಸಿಕ್ಕಿದ್ದು ಬೆಳಗಿನ ಅರ್ಧ ಗಂಟೆ. ಮಹಡಿಯ ಮೇಲೆ ಅವಳು ಎಸೆಯುತ್ತಿದ್ದಳು, ಬಿದ್ದದ್ದನ್ನು ನಾನು ಎತ್ತಿ ಕೊಡುತ್ತಿದ್ದೆ. ನಾಲ್ಕನೆಯ ಎಸೆತ ಯಾವಾಗಲೂ ತಪ್ಪುತ್ತಿತ್ತು. ಕೋಲು ಹೋಗಿ ನೀರಿನ ಟ್ಯಾಂಕಿಗೆ ಬಡಿದು, ಕೆಳಗಿನಿಂದ ಬಕ್ಕೇಶ "ಟ್ಯಾಂಕ್ ಒಡದ್ರೆ ತುಂಗಭದ್ರೆಗೇ ಹೋಗ್ಬೇಕು ಸ್ನಾನಕ್ಕೆ" ಎಂದು ಕೂಗುತ್ತಿದ್ದ. ನಯನಾ ನಗುತ್ತಿದ್ದಳು. ನಾನು ಆ ನಗು ಕೇಳಲೆಂದೇ ಮಹಡಿ ಹತ್ತುತ್ತಿದ್ದೆ.

ಕಾರನ್ನು ಬಕ್ಕೇಶ ನಡೆಸಿದ. ನಯನಾ ಹಿಂದಿನ ಸೀಟಿನಲ್ಲಿ ನನಗೂ ರೂಪಶ್ರೀಗೂ ನಡುವೆ, ನೀಲಿ ಮಿಂಚಿನ ಡ್ರೆಸ್ಸಿನಲ್ಲಿ, ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಹೆಜ್ಜೆಯ ಲೆಕ್ಕ ಎಂದುಕೊಂಡೆ.

"ಹೆದರಿಕೆ ಐತಾ?" ಎಂದು ಕೇಳಿದೆ.

ಅವಳು ಕಣ್ಣು ತೆರೆದು ರೂಪಶ್ರೀಯ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿ, ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ಮೈದಾನದಲ್ಲಿ ಸುಣ್ಣದ ಚೌಕ ಎಳೆದಿದ್ದರು. ಒಂದು ಬದಿಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ಬೇರೆ ಬೇರೆ ಶಾಲೆಗಳ ಇಪ್ಪತ್ತು ಮಕ್ಕಳಿದ್ದಿರಬಹುದು. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ತಂದೆ ಜೋರಾಗಿ ಹೇಳುತ್ತಿದ್ದ: "ನಮ್ಮಪ್ಪ ಎಮ್ಮೆ ಹಿಂದೆ ದಿನಾ ಕೋಲು ತಿರುಗಿಸ್ತಿದ್ದ. ಅವಗೊಂದು ಸರ್ಟಿಫಿಕೇಟ್ ಕೊಡ್ಲಿಲ್ಲ ಯಾರೂ."

"ನಿಮ್ಮಪ್ಪ ತಿರುಗಿಸಿದ್ದು ಎಮ್ಮೆಗೆ ತಾಗ್ತಿತ್ತು. ಇಲ್ಲಿ ಯಾರಿಗೂ ತಾಗಬಾರ್ದು, ಅದೇ ಆಟ," ಎಂದಳು ಅವನ ಹೆಂಡತಿ.

ಸಾಲು ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಅತ್ತೆ ನನ್ನ ಎಡಕ್ಕೆ ಕುಳಿತಿದ್ದರು. ಬಲಕ್ಕೆ ಕನ್ನಡಕದ ಹೆಂಗಸೊಬ್ಬರು ಬಂದು ಕುಳಿತರು. ಐವತ್ತರ ಹತ್ತಿರದ ವಯಸ್ಸು, ಹತ್ತಿಯ ಸೀರೆ, ಹಣೆಯಲ್ಲಿ ವಿಭೂತಿಯ ಸಣ್ಣ ಗೆರೆ. ಅತ್ತೆ ಅವರಿಗೆ "ಬರ್ರಿ, ಕೂಡ್ರಿ" ಎಂದರು. ಅತ್ತೆ ಎಲ್ಲರಿಗೂ ಹಾಗೆಯೇ ಅನ್ನುತ್ತಾರೆ.

"ನೀವು ಇಲ್ಲೇ ಹರಿಹರದಾಗೆ ಲೆಕ್ಚರರ್ ಅಂತೆ?" ಎಂದರು ಆ ಹೆಂಗಸು ನನಗೆ.

"ಗೆಸ್ಟ್ ಲೆಕ್ಚರರ್. ಇತಿಹಾಸ."

"ದಾವಣಗೆರೆ ಯೂನಿವರ್ಸಿಟಿನಾ?"

"ಹೌದ್ರಿ. ಎಂ.ಎ. ಅಲ್ಲೇ."

"ಅಡಿಗೆ, ಕಾಲೇಜು ಎರಡೂ ಹೆಂಗೆ ನಿಭಾಯಿಸ್ತೀರಿ? ಬಿ.ಪಿ., ಶುಗರ್ರು ಏನಿಲ್ಲಲ್ಲ?"

ನನಗೆ ನಗು ಬಂತು. ಪೋಷಕರ ಸಾಲಿನಲ್ಲಿ ಕುಳಿತವರು ಏನೇನೋ ಕೇಳುತ್ತಾರೆ. ಇಲ್ಲ ಎಂದೆ. ಅವರು ನನ್ನ ಕೈ ನೋಡಿದರು, ಪಾದ ನೋಡಿದರು, ಜಡೆಯ ಮಲ್ಲಿಗೆ ನೋಡಿದರು.

"ಆ ನೀಲಿ ಡ್ರೆಸ್ಸಿನ ಕೂಸು ನಿಮ್ಮನೇದಾ?"

ಅತ್ತೆ ನನ್ನ ಮುಂದೆ ಬಾಗಿ ಉತ್ತರಿಸಿದರು: "ನಮ್ಮನೇದೇ ರೀ."

ಹದಿನೈದು, ಹದಿನಾರು ಮುಗಿಯಿತು. ಹದಿನಾರನೆಯ ಹುಡುಗಿ ಮೂರು ಸಲ ಬೀಳಿಸಿ, ಮೂರನೆಯ ಸಲ ಅಳುತ್ತಾ ಕೋಲು ಎತ್ತಿಕೊಂಡು ಮುಂದುವರಿಸಿದಳು. ಆಮೇಲೆ ಮೈಕಿನಲ್ಲಿ ಕರೆದರು.

"ಚೆಸ್ಟ್ ನಂಬರ್ ಹದಿನೇಳು. ಕುಮಾರಿ ನಯನಾ, ದಾವಣಗೆರೆ. ತಂದೆ ಶ್ರೀ ಬಕ್ಕೇಶ್, ತಾಯಿ ಶ್ರೀಮತಿ ರೂಪಶ್ರೀ."

ಶಾಮಿಯಾನದ ಆ ತುದಿಯಲ್ಲಿ ನಿಂತಿದ್ದ ರೂಪಶ್ರೀ ಕೈ ಎತ್ತಿ ಬೀಸಿದಳು. ಜನ ಅವಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರು.

ತಪ್ಪು ಓದಿದ್ದಾರೆ ಎಂದುಕೊಂಡೆ. ದಿನವೂ ಕರೆತರುವವಳು ರೂಪಾ, ತಿಪ್ಪೇಶ್ ಸರ್ ಅವಳನ್ನೇ ತಾಯಿ ಅಂದುಕೊಂಡಿರಬೇಕು. ಅದಕ್ಕೇನಂತೆ. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತಾ ಅತ್ತೆಯ ಕಡೆ ನೋಡಿದೆ. ಮೊಮ್ಮಗಳು ಮೈದಾನಕ್ಕೆ ಇಳಿಯುತ್ತಿದ್ದಾಳೆ, ಅತ್ತೆ ಮೈದಾನ ನೋಡುತ್ತಿಲ್ಲ. ನನ್ನ ಬಲಕ್ಕಿದ್ದ ಕನ್ನಡಕದ ಹೆಂಗಸಿನ ಮುಖವನ್ನೇ ನೋಡುತ್ತಿದ್ದಾರೆ.

ಸಂಗೀತ ಶುರುವಾಯಿತು.

ಆ ಎರಡು ನಿಮಿಷ ನಾನು ಬೇರೇನನ್ನೂ ಯೋಚಿಸಲಿಲ್ಲ. ಕೋಲು ಬೆರಳಿನಿಂದ ಬೆರಳಿಗೆ ಇಳಿಯಿತು, ಮೊಣಕೈ ಹಾದು ಹಿಂದೆ ಬಂತು. ಮೊದಲ ಎಸೆತ ಹಿಡಿದಳು. ಎರಡು. ಮೂರು. ನಾಲ್ಕನೆಯದಕ್ಕೆ ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ, ಎತ್ತಿ ಕೊಡುವವಳ ಹಾಗೆ. ಕೋಲು ಬಿಸಿಲಲ್ಲಿ ಬಿಳಿಯ ಚಕ್ರವಾಗಿ ಮೇಲೆ ಹೋಯಿತು, ಅವಳು ಒಂದು ಸುತ್ತು ಸುತ್ತಿದಳು, ಕೈ ನೀಡಿದಳು, ಕೋಲು ಬಂದು ಕೈಯಲ್ಲಿ ಕೂತಿತು. ಒಂದು ಸಲವೂ ಬೀಳಿಸಲಿಲ್ಲ. ಕೊನೆಗೆ ಒಂದು ಮಂಡಿ ಊರಿ ನಿಂತಾಗ ಎಮ್ಮೆಯ ಮಾತಾಡಿದವನೂ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಅವಳು ನಮ್ಮ ಕಡೆ ಓಡಿ ಬಂದಳು. ನಾನು ಎರಡೂ ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ರೂಪಶ್ರೀಯನ್ನು ತಬ್ಬಿಕೊಂಡಳು. ಆಮೇಲೆ ತಿರುಗಿ ನನ್ನ ಮುಂದೆ ಬಂದು ನೆಟ್ಟಗೆ ನಿಂತು, ಪಾಠ ಒಪ್ಪಿಸುವ ಹಾಗೆ ಹೇಳಿದಳು:

"ದೊಡ್ಡಮ್ಮ, ನೀರು ಕೊಡ್ರಿ."

ನನ್ನ ಮಗಳು ನನಗೆ ಯಾವತ್ತೂ ಕೊಡ್ರಿ ಎಂದವಳಲ್ಲ. ಕೊಡು, ತಾ, ಬಾ, ಅಷ್ಟೇ.

ನಾನು ಬಾಟಲಿ ಕೊಟ್ಟೆ. ಅವಳು ಕುಡಿದಳು. ಕುಡಿಯುವಾಗ ನನ್ನ ಮುಖ ನೋಡಲಿಲ್ಲ.

"ಎಷ್ಟು ಚಂದ ಕಲ್ತಾಳೆ," ಎಂದರು ಕನ್ನಡಕದ ಹೆಂಗಸು. "ದೊಡ್ಡಮ್ಮನ್ನೂ ಬಾಳ ಹಚ್ಕಂಡಾಳೆ ಅಲ್ರಿ?"

"ಹೂಂ ರೀ. ನಮ್ಮ ದೊಡ್ಡ ಸೊಸೆಗೆ ಮಕ್ಕಳಂದ್ರೆ ಪ್ರಾಣ," ಎಂದರು ಅತ್ತೆ. ನನ್ನ ಕಡೆ ತಿರುಗಿ, ಈಗ ಹೇಳಿದರೂ ಅಡ್ಡಿಯಿಲ್ಲ ಎಂಬಂತೆ, "ಶೈಲಾ, ಇವರು ಹರೀಶನ ಅಕ್ಕ. ದುರ್ಗದಿಂದ ಬಂದಾರೆ" ಎಂದರು.

ಎರಡನೆಯ ಸಂಬಂಧಕ್ಕೆ ನಮ್ಮಲ್ಲಿ ಮನೆಯಲ್ಲಿ ಹೆಣ್ಣು ತೋರಿಸುವ ಶಾಸ್ತ್ರವಿಲ್ಲ. ಚಾಪೆ ಹಾಸುವುದಿಲ್ಲ, ಉಪ್ಪಿಟ್ಟು ಮಾಡುವುದಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲೋ ಯಾರದೋ ಗೃಹಪ್ರವೇಶದಲ್ಲೋ ಆಕಸ್ಮಿಕವಾಗಿ ಎಂಬಂತೆ ಎದುರಾಗಿ ನೋಡಿ ಹೋಗುತ್ತಾರೆ. ಒಪ್ಪಿಗೆಯಾಗದಿದ್ದರೆ ಯಾರಿಗೂ ಅವಮಾನವಿಲ್ಲ. ಈ ಪದ್ಧತಿ ನನಗೆ ಗೊತ್ತಿತ್ತು. ನನ್ನ ಮಗಳ ಸ್ಪರ್ಧೆಯೇ ಆ ಜಾಗ ಎಂಬುದು ಗೊತ್ತಿರಲಿಲ್ಲ. ಹಸಿರು ಸೀರೆ, ಮಲ್ಲಿಗೆ, ಬಿ.ಪಿ., ಶುಗರು ಎಲ್ಲ ಒಂದೊಂದಾಗಿ ತಿಳಿಯಿತು.

ನಾನು ಅವರಿಗೆ ನಮಸ್ಕಾರ ಮಾಡಿದೆ. ಹೌದು, ಮಾಡಿದೆ. ನಾಗಭೂಷಣ್ ಹೋದ ದಿನ ಆಸ್ಪತ್ರೆಯವರು ಬಂದು ಹೇಳಿದಾಗ ನಾನು ಅವರಿಗೆ ಥ್ಯಾಂಕ್ಸ್ ಎಂದಿದ್ದೆ. ಕೈಕಾಲು ತಮ್ಮ ಪಾಡಿಗೆ ಮರ್ಯಾದೆ ಮಾಡುತ್ತವೆ.

ನಯನಾ ಬೂಟು ಬಿಚ್ಚಲು ಶಾಲೆಯ ಜಗಲಿಗೆ ಹೋಗಿದ್ದಳು. ನಾನು ಅಲ್ಲಿಗೆ ಹೋಗಿ ಅವಳ ಪಕ್ಕ ಕುಳಿತೆ. ಸುತ್ತ ಯಾರೂ ಇರಲಿಲ್ಲ.

"ಯಾರು ಹೇಳ್ಕೊಟ್ರು?"

ಅವಳು ಬೂಟಿನ ಲೇಸು ಎಳೆದಳು.

"ಅಜ್ಜಿ. ಇವತ್ತೊಂದಿನ ಮಾತ್ರ ಅಂತ. ಚಿಗಮ್ಮ ದಿನಾ ಪ್ರಾಕ್ಟೀಸ್ ಮಾಡ್ಸಿದ್ರು. ಕ್ಲಾಸಿಗೆ ಹೋಗುವಾಗ ಸ್ಕೂಟಿ ಮ್ಯಾಲೆ."

ಚಿಗಮ್ಮ ಎಂದರೆ ರೂಪಶ್ರೀ.

"ಯಾಕ ಅಂತ ಕೇಳ್ಲಿಲ್ಲ?"

"ನಿಂಗೆ ಒಳ್ಳೇದಾಗ್ತೈತಂತೆ. ನೀನು ಮೊದ್ಲಿನಂಗೆ ನಗ್ತೀಯಂತೆ. ಆಮೇಲೆ ನೀನು ದುರ್ಗದಾಗಿರ್ತಿ, ನಾನು ಇಲ್ಲೇ ಇರ್ತೀನಿ, ರಜಾದಾಗ ಬರ್ತೀನಿ ಅಂತ. ಬಾತಿ ಅಜ್ಜಿನೂ ಹೂಂ ಅಂದ್ರು."

ಬಾತಿ ಅಜ್ಜಿ ಎಂದರೆ ನನ್ನ ತಾಯಿ.

ಅವಳು ಒಂದು ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಈಗ ನನ್ನ ಮುಖ ನೋಡಿದಳು. "ಒಂದ್ಸಲನೂ ತಪ್ಪು ಹೇಳ್ಲಿಲ್ಲ ನಾನು. ಒಂದ್ಸಲನೂ ಬೀಳಿಸ್ಲಿಲ್ಲ. ನೋಡಿದ್ಯಾ?"

"ನೋಡಿದೆ," ಎಂದೆ.

ಕಂಬದ ಮರೆಗೆ ಹೋಗಿ ಬಾತಿಗೆ ಫೋನು ಮಾಡಿದೆ. ಅವ್ವ ಒಂದೇ ಸಲಕ್ಕೆ ಎತ್ತಿಕೊಂಡಳು, ಕಾಯುತ್ತಿದ್ದವಳ ಹಾಗೆ.

"ಒಪ್ಪಿದ್ರೇನವ್ವ?"

"ನಿಂಗೆ ಗೊತ್ತಿತ್ತಾ?"

ಆ ಕಡೆ ಕುಕ್ಕರಿನ ಸದ್ದು ಬಂತು.

"ಗೊತ್ತಿತ್ತು. ಏನ್ ಮಾಡ್ಲಿ? ಮೂವತ್ಮೂರು ವರ್ಷ ನಿಂಗೆ. ಕೂಸು ಅವರ ಮನೆತನದ್ದು. ಅವರೇ ಸಾಕ್ತೀವಿ ಅಂದ್ರೆ ಬ್ಯಾಡ ಅಂತಾರೇನು ಯಾರಾದ್ರೂ? ನಿನ್ನ ಕೇಳಿದ್ರೆ ನೀನು ಒಪ್ತಿದ್ಯಾ? ಅದಕ್ಕೇ ಕೇಳ್ಲಿಲ್ಲ."

ನಾನು ಫೋನು ಇಟ್ಟೆ. ತಿರುಗಿದರೆ ರೂಪಶ್ರೀ ನಿಂತಿದ್ದಳು.

"ಅಕ್ಕ, ಇಲ್ಲಿ ಬ್ಯಾಡ. ಮನೇಗೆ ಹೋಗಿ ಮಾತಾಡಾಣ."

"ಅತ್ತೆ ಲಿಂಗ ಮುಟ್ಟಿ ಹೇಳಿದ್ರು ರೂಪಾ. ನೀನು ಅಲ್ಲೇ ಇದ್ದೆ."

"ಇದ್ದೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಗಂಡಿನ ಕಡೇರು ಕೂಸು ಬ್ಯಾಡ ಅಂದ್ರೆ ಏನ್ ಮಾಡ್ಬೇಕಿತ್ತು? ಸಂಬಂಧ ಬಿಡ್ಬೇಕಿತ್ತಾ? ನಿನ್ನ ಬಾಳು ನೋಡ್ಬೇಕಲ್ಲ?"

"ಅವರು ಬ್ಯಾಡ ಅಂದ್ರಾ?"

ಅವಳ ದನಿ ಬೇರೆಯಾಯಿತು.

"ಎರಡು ವರ್ಷ ಜಡೆ ಹಾಕಿದ್ದು ಯಾರು? ಡೆಂಗ್ಯೂ ಬಂದಾಗ ಪಿ.ಜೆ. ಬಡಾವಣೆ ಕ್ಲಿನಿಕ್ಕಿನಾಗ ಮೂರು ದಿನ ಅವಳ ಕಾಲ್ದೆಸೆ ಕೂತಿದ್ದು ಯಾರು? ನೀನು ಗೋಡೆ ನೋಡ್ಕಂತ ಕೂತಿದ್ದಿ. ಆಗ ನಾನೇನಾದ್ರೂ ಅಂದ್ನಾ? ನಂಗೆ ಹುಟ್ಟಲ್ಲ ಅಂತ ಮೂರು ಡಾಕ್ಟ್ರು ಹೇಳ್ಯಾರೆ. ನೀನು ದುರ್ಗಕ್ಕೆ ಹೋಗ್ತಿ, ಅಲ್ಲಿ ಇನ್ನೊಂದು ಹಡೀತಿ. ನಂಗೇನೈತಕ್ಕ ಆ ಮನೆಯಾಗ?"

ಅವಳು ಈಗ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮೂರು ದಿನ ಕೂತವಳು ಅವಳೇ. ನನಗೆ ಆ ಮೂರು ದಿನಗಳ ನೆನಪೇ ಸರಿಯಾಗಿಲ್ಲ. ನಾನು ಅವಳನ್ನು ಕ್ಷಮಿಸಿಬಿಡಬಹುದಿತ್ತು, ಕೇಳಿದ್ದರೆ. ಅವಳು ನನ್ನ ಬಳಿ ಬಂದು ಅತ್ತಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅವಳು ಬಂದದ್ದು ಮಲ್ಲಿಗೆ ಮುಡಿಸಲು.

ಉಳಿದ ಮಕ್ಕಳ ಸರದಿಯೂ ಮುಗಿದು ಮೈಕಿನಲ್ಲಿ ಫಲಿತಾಂಶ ಹೇಳಿದರು. ಹದಿನೇಳಕ್ಕೆ ಎರಡನೆಯ ಸ್ಥಾನ. ಮತ್ತೆ ತಂದೆ ಶ್ರೀ ಬಕ್ಕೇಶ್, ತಾಯಿ ಶ್ರೀಮತಿ ರೂಪಶ್ರೀ. ಪ್ರಮಾಣಪತ್ರಗಳನ್ನು ಈಗಲೇ ಬರೆದು ಕೊಡುತ್ತೇವೆ, ಮಕ್ಕಳು ಮೇಜಿನ ಬಳಿ ಬರಬೇಕು ಎಂದರು.

ನಾನು ನಯನಾಳ ಕೈ ಹಿಡಿದುಕೊಂಡು ಮೇಜಿನ ಬಳಿ ಹೋದೆ. ತಿಪ್ಪೇಶ್ ಸರ್ ಅರ್ಜಿಗಳ ಕಟ್ಟಿನಿಂದ ಒಂದೊಂದನ್ನು ತೆಗೆದು ನೋಡಿ, ದಪ್ಪ ಕಾಗದದ ಮೇಲೆ ಮಸಿಯ ಪೆನ್ನಿನಲ್ಲಿ ಹೆಸರು ಬರೆಯುತ್ತಿದ್ದರು. ಅಕ್ಷರ ಮುದ್ದಾಗಿತ್ತು. ನಯನಾಳ ಅರ್ಜಿ ಮೇಲಿತ್ತು. ತಂದೆಯ ಹೆಸರು, ತಾಯಿಯ ಹೆಸರು, ಎರಡನ್ನೂ ಪೆನ್ಸಿಲಿನಲ್ಲಿ ಬರೆದು ಆಮೇಲೆ ಪೆನ್ನಿನಲ್ಲಿ ತಿದ್ದಲಾಗಿತ್ತು. 'ಶ್ರೀ'ಯನ್ನು ಹಾಗೆ ಬಾಲ ಉದ್ದ ಮಾಡಿ ಬರೆಯುವುದನ್ನು ನಯನಾಗೆ ಕಲಿಸಿದ್ದು ನಾನು.

"ಸರ್, ಇದರಲ್ಲಿ ಹೆಸರು ತಪ್ಪಾಗಿದೆ," ಎಂದೆ. "ಇವಳ ತಾಯಿ ನಾನು."

ತಿಪ್ಪೇಶ್ ಸರ್ ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದರು. ಆ ಮನುಷ್ಯನಿಗೆ ಏನೂ ಗೊತ್ತಿರಲಿಲ್ಲ.

"ನೀವು... ದೊಡ್ಡಮ್ಮ ಅಲ್ವೇನ್ರಿ? ರೂಪಶ್ರೀ ಮೇಡಂ ಹಂಗೇ ಹೇಳಿದ್ರಲ್ಲ?"

"ಅಲ್ಲ."

ಅಷ್ಟರಲ್ಲಿ ರೂಪಶ್ರೀ ಬಂದಳು, ಹಿಂದೆ ಅತ್ತೆ, ಅತ್ತೆಯ ಜೊತೆ ಹರೀಶನ ಅಕ್ಕ. ಬಕ್ಕೇಶ ಕಾರಿನ ಕೀಲಿ ಹಿಡಿದು ದೂರದಲ್ಲೇ ನಿಂತ. ತಿಪ್ಪೇಶ್ ಸರ್ ಎಲ್ಲರನ್ನೂ ನೋಡಿ, ಗೊಂದಲ ಬೇಗ ಮುಗಿಸುವ ಹಾಗೆ, ನಯನಾಳನ್ನೇ ಕೇಳಿದರು:

"ಹೇಳು ಪುಟ್ಟಿ. ನಿಮ್ಮಮ್ಮ ಯಾರು ಇವರೊಳಗ?"

ನಯನಾ ರೂಪಶ್ರೀಯ ಮುಖ ನೋಡಿದಳು. ನನ್ನ ಮುಖ ನೋಡಿದಳು. ಅಜ್ಜಿಯ ಮುಖ ನೋಡಿದಳು. ಯಾವ ಉತ್ತರ ಸರಿ ಎಂದು ಹುಡುಕುತ್ತಿದ್ದಳು. ಇವತ್ತೊಂದಿನ ಎಂದಿದ್ದರು, ದಿನ ಇನ್ನೂ ಮುಗಿದಿರಲಿಲ್ಲ. ನನ್ನ ಕೈಯೊಳಗೆ ಅವಳ ಬೆರಳು ಒದ್ದೆಯಾಗಿದ್ದವು.

"ಅವಳನ್ನ ಕೇಳಬೇಡಿ ಸರ್," ಎಂದೆ. "ನನ್ನನ್ನ ಕೇಳಿ."

ನನ್ನ ಫೋನಿನಲ್ಲಿ ಅವಳ ಜನನ ಪ್ರಮಾಣಪತ್ರದ ಚಿತ್ರವಿತ್ತು. ತೆಗೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು, ಓದಬಾರದು ಎಂದು ಹೊಳೆಯದೆ. ತಾಯಿ ಶೈಲಜಾ. ತಂದೆ ನಾಗಭೂಷಣ್.

"ತಂದೆಯವರು...?"

"ಇಲ್ಲ. ಹೆಸರು ಬರೀರಿ."

ಅವರು ಅರ್ಜಿಯ ಮೇಲೆ ಗೆರೆ ಎಳೆದು, ಪ್ರಮಾಣಪತ್ರದಲ್ಲಿ ಬರೆದರು.

ಮೊದಲು ಮಾತಾಡಿದವರು ಹರೀಶನ ಅಕ್ಕ. ಅವರು ನನ್ನ ಜೊತೆ ಮಾತಾಡಲಿಲ್ಲ, ಅತ್ತೆಯ ಜೊತೆ ಮಾತಾಡಿದರು.

"ಕೂಸಿಲ್ಲ ಅಂದಿದ್ರಲ್ರಿ ನೀವು?"

ಅತ್ತೆ ರೂಪಶ್ರೀಯ ಕಡೆ ನೋಡಿದರು.

"ನನ್ನ ತಮ್ಮಗೂ ಒಬ್ಬ ಮಗ ಅದಾನೆ. ಏಳು ವರ್ಷದೋನು. ಕೂಸು ಐತೆ ಅಂದಿದ್ರೆ ಕರ್ಕಂಬರ್ರಿ, ಎರಡೂ ಜೊತೆಗೆ ಬೆಳೀಲಿ ಅಂತಿದ್ವಿ ನಾವು. ಇದಕ್ಯಾಕ ಇಷ್ಟು ನಾಟ್ಕ?" ಈಗ ನನ್ನ ಕಡೆ ತಿರುಗಿದರು. ಕೋಪಕ್ಕಿಂತ ಹೆಚ್ಚಾಗಿ ಅವರಿಗೂ ನೋವಾಗಿತ್ತು. "ನಿಮ್ಮದೇನೂ ತಪ್ಪಿಲ್ಲ ಅಂತ ಕಾಣ್ತೈತೆ. ಆದ್ರೆ ಬ್ಯಾಡಮ್ಮ. ಕೂಸಿನ ಬಾಯಾಗೇ ಸುಳ್ಳು ಹೇಳಿಸೋ ಮನೆ ನಂಟಸ್ತಿಕೆ ನಮಗ ಬ್ಯಾಡ."

ಅವರು ಹೋದರು. ಗೇಟಿನವರೆಗೂ ಹಿಂದೆ ತಿರುಗಿ ನೋಡಲಿಲ್ಲ.

ಅವರು ಬ್ಯಾಡ ಅಂದೇ ಇರಲಿಲ್ಲ. ಅವರನ್ನು ಕೇಳಿಯೇ ಇರಲಿಲ್ಲ. ಅತ್ತೆ ನನಗೆ ಅವರು ಒಪ್ಪಿದ್ದಾರೆ ಎಂದರು, ಅವರಿಗೆ ಕೂಸೇ ಇಲ್ಲ ಎಂದರು. ನಾನು ಹೋಗಬೇಕು, ನಯನಾ ಉಳಿಯಬೇಕು, ಇಷ್ಟಕ್ಕೇ ಮೂರು ತಿಂಗಳು ಎಲ್ಲರೂ ನನ್ನೊಂದಿಗೆ ಒಳ್ಳೆಯವರಾಗಿದ್ದರು.

ಅತ್ತೆ ಕುರ್ಚಿಯೊಂದನ್ನು ಎಳೆದುಕೊಂಡು ಕುಳಿತರು. ಅವರಿಗೆ ಒಮ್ಮೆಲೇ ವಯಸ್ಸಾಗಿತ್ತು.

"ಲಿಂಗ ಮುಟ್ಟಿ ಹೇಳಿದ್ರಿ," ಎಂದೆ.

"ಹೇಳ್ದೆ. ಸುಳ್ಳು ಅಂತ ಗೊತ್ತಿದ್ದೇ ಹೇಳ್ದೆ. ಆ ಪಾಪ ನಂಗೇ ಇರ್ಲಿ." ಅವರು ಕರಡಿಗೆ ಮುಟ್ಟಿಕೊಳ್ಳಲಿಲ್ಲ. ಕೈ ತೊಡೆಯ ಮೇಲೇ ಇತ್ತು. "ನಾಗಣ್ಣ ಹೋದ. ಅವಂದು ಅಂತ ಉಳಿದಿರೋದು ಇದೊಂದು ಕೂಸು. ಅದನ್ನೂ ದುರ್ಗದೋರ ಮನೆಗೆ ಕಳಿಸ್ಲಾ? ನೀನೇ ಹೇಳು. ನೀನು ಓದಿದೋಳು."

ಅವರು ಅಳುತ್ತಿದ್ದರು, ನಿಜವಾಗಿಯೇ ಅಳುತ್ತಿದ್ದರು. ಬೇರೆ ದಿನವಾಗಿದ್ದರೆ ಸೆರಗಿನಲ್ಲಿ ಅವರ ಕಣ್ಣು ಒರೆಸುತ್ತಿದ್ದೆ.

ಬಕ್ಕೇಶ ಹತ್ತಿರ ಬಂದ. "ಅತ್ಗೆ, ಕಾರು ಹತ್ರಿ. ಜನ ನೋಡ್ತಾರೆ."

"ಬೆಳಗಿನಿಂದ ನೋಡ್ತಾನೇ ಅದಾರೆ," ಎಂದೆ.

ನಯನಾಳ ಬೂಟು ಹಾಕಿಸಿ ಅವಳನ್ನು ಕರೆದುಕೊಂಡು ನಡೆದು ಬಸ್ ನಿಲ್ದಾಣಕ್ಕೆ ಹೋದೆ. ದಿನವೂ ನಾನು ಹತ್ತುವ ಬಸ್ಸು. ಕಂಡಕ್ಟರ್ ಗುರುತಿನವನು. ನನಗೂ ಅವಳಿಗೂ ಶೂನ್ಯ ದರದ ಟಿಕೆಟು ಹರಿದು ಕೊಟ್ಟು, ಅವಳ ಮಿಂಚಿನ ಡ್ರೆಸ್ಸು ನೋಡಿ, "ಏನ್ ಮೇಡಂ, ಭಾನುವಾರನೂ ಬಂದೀರಿ? ಪ್ರೈಜ್ ಹೊಡದಂಗೈತೆ?" ಎಂದ.

"ಎರಡನೇದು," ಎಂದಳು ನಯನಾ.

ಬಾತಿ ಬಂತು. ಯಾವ ತೊಂದರೆ ಬಂದರೂ ನಾನು ಇಳಿಯುತ್ತಿದ್ದ ಊರು ಅದು. ನಾಗಭೂಷಣ್ ಹೋದ ಮೇಲೆ ಮೂರು ತಿಂಗಳು ಅಲ್ಲೇ ಇದ್ದೆ. ಎದ್ದು ನಿಲ್ಲಲು ಹೊರಟ ನಯನಾಳನ್ನು ಕೂರಿಸಿದೆ.

"ಅಜ್ಜಿ ಊರು."

"ಇವತ್ತು ಇಳಿಯೋದಿಲ್ಲ."

ಬಸ್ಸು ಹೊರಟಿತು. ನನ್ನ ಫೋನು ಹೊಡೆದುಕೊಳ್ಳುತ್ತಿತ್ತು, ಅವ್ವನದು. ನಿಲ್ಲುವವರೆಗೂ ನೋಡುತ್ತಿದ್ದೆ.

"ಹೊಟ್ಟೆ ಹಸೀತೈತೆ," ಎಂದಳು ನಯನಾ, ಯಾರಿಗೆ ಎಂದಿಲ್ಲದೆ.

ಜಗಲಿಯಿಂದ ಎದ್ದ ಮೇಲೆ ಅವಳು ನನ್ನನ್ನು ಏನಂತಲೂ ಕರೆದಿರಲಿಲ್ಲ. ಆಗಷ್ಟೇ ನನಗೆ ಅದು ತಿಳಿಯಿತು.

ದಾವಣಗೆರೆಯ ನಿಲ್ದಾಣದಲ್ಲಿ ಅವಳಿಗೆ ಎರಡು ಇಡ್ಲಿ ಕೊಡಿಸಿದೆ. ಮೇಜಿನ ಆಚೆ ಕುಳಿತು ಚಟ್ನಿಯಲ್ಲಿ ಬೆರಳು ಆಡಿಸುತ್ತಾ ಕೇಳಿದಳು:

"ಮನೇಗೆ ಹೋಗೋದಾ?"

"ಈಗ ಹೋಗಬೇಕು. ನಿನ್ನ ಸ್ಕೂಲ್ ಬ್ಯಾಗು, ನನ್ನ ಮಾರ್ಕ್ಸ್ ಕಾರ್ಡು ಅಲ್ಲೇ ಅದಾವೆ. ಅವನ್ನ ತಗೊಂಡು ಹೊರಗೆ ಬರಾಣ. ನಾವಿಬ್ರೇ ಬ್ಯಾರೆ ಇರಾಣ. ಎಲ್ಲಿ ಅಂತ ಇನ್ನೂ ಗೊತ್ತಿಲ್ಲ."

"ನೀವು ದುರ್ಗಕ್ಕೆ ಹೋಗಲ್ಲ?"

"ಇಲ್ಲ."

ಅವಳು ಇಡ್ಲಿಯನ್ನು ನಾಲ್ಕು ತುಂಡು ಮಾಡಿದಳು. ಒಂದನ್ನೂ ಬಾಯಿಗೆ ಇಡಲಿಲ್ಲ. ತಲೆ ಎತ್ತಿ, ತಪ್ಪಾಗಬಾರದೆಂಬ ಎಚ್ಚರದಲ್ಲಿ ಕೇಳಿದಳು:

"ಹಂಗಾದ್ರೆ ಈಗ ಏನಂತ ಕರೀಲಿ?"

"ಅಮ್ಮ ಅನ್ನು," ಎಂದೆ.

"ಅಮ್ಮ," ಎಂದಳು. ಹೇಳಿಕೊಟ್ಟದ್ದನ್ನು ಹೇಳಿದ ಹಾಗಿತ್ತು. ಸರಿಯಾಯಿತೇ ಎಂದು ನನ್ನ ಮುಖ ನೋಡಿದಳು.

ನಾನು ಹೂಂ ಎಂದೆ. ಆಮೇಲೆ ಅವಳು ತಿನ್ನತೊಡಗಿದಳು.